ನಾರ್ಮಲ್ ಎಂದು ಬಂದ ರಿಪೋರ್ಟ್

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಆಸುಪಾಸಿನ ಕಿರ್ಕಟವಾಡಿ, ನಾಂದೇಡ, ಧಾಯರಿ, ಖಡಕ್‌ವಾಸಲಾ ಕಡೆಯ ಜನ ಒಬ್ಬರ ಹಿಂದೊಬ್ಬರು ಆಸ್ಪತ್ರೆ ಸೇರತೊಡಗಿದರು. ಮೊದಲು ಹೊಟ್ಟೆ ಕೆಟ್ಟು ಭೇದಿ. ಅದು ನಿಂತ ಕೆಲವು ದಿನಕ್ಕೆ ಪಾದದಲ್ಲಿ ಜೋಮು, ಆಮೇಲೆ ಮೆಟ್ಟಿಲು ಹತ್ತಲಾಗದಷ್ಟು ನಿಶ್ಶಕ್ತಿ. ಕೆಲವರಿಗೆ ಉಸಿರಾಡಲೂ ವೆಂಟಿಲೇಟರ್ ಬೇಕಾಯಿತು. ಕಾಯಿಲೆಯ ಹೆಸರು ಗಿಯಾನ್-ಬಾರೆ ಸಿಂಡ್ರೋಮ್, ಪತ್ರಿಕೆಗಳಲ್ಲಿ ಜಿಬಿಎಸ್. ಶಂಕಿತ ರೋಗಿಗಳ ಸಂಖ್ಯೆ ಫೆಬ್ರುವರಿಯಲ್ಲಿ 200 ದಾಟಿತು. ಪುಣೆಯಲ್ಲೇ ಇರುವ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಹಲವು ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಕಂಡರು. ಎಲ್ಲರ ಅನುಮಾನ ಕುಡಿಯುವ ನೀರಿನತ್ತ ತಿರುಗಿತು.

ಅಲ್ಲಿಂದ ಮುಠಾ ನದಿ ದಾಟಿದರೆ ನಮ್ಮ ಕೋಥರೂಡ. ಆ ವಾರಗಳಲ್ಲಿ ಇಲ್ಲಿನ ಅಡುಗೆಮನೆಗಳಲ್ಲೂ ನೀರು ಕುದಿಯತೊಡಗಿತು. ಅದುವರೆಗೆ ನರರೋಗ ತಜ್ಞರ ಚೀಟಿಯಲ್ಲಷ್ಟೇ ಇದ್ದ ಎನ್‌ಸಿವಿ ಎಂಬ ಮೂರಕ್ಷರ, ಅಂದರೆ ನರದಲ್ಲಿ ಸುದ್ದಿ ಓಡುವ ವೇಗ ಅಳೆಯುವ ಪರೀಕ್ಷೆ, ಮನೆಮಾತಾಯಿತು. ಜೊತೆಗೆ ಒಂದು ಗೊಂದಲವೂ ಹಬ್ಬಿತು. ಕಾಲು ಸೋತಿದೆ, ಎನ್‌ಸಿವಿ ಮಾಡಿಸಿದ್ದಾಯಿತು, ರಿಪೋರ್ಟ್ ನಾರ್ಮಲ್ ಬಂತು; ಆದರೂ ಡಾಕ್ಟರು ಅಡ್ಮಿಟ್ ಆಗಿ ಅನ್ನುತ್ತಾರಲ್ಲ, ಏಕೆ? ಬಿಲ್ಲು ಏರಿಸಲಿಕ್ಕೋ? ಆ ಅನುಮಾನಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಜೀವಕ್ಕೇ ಕುತ್ತು ಬರಬಹುದು. ಆದ್ದರಿಂದ ಈ ವಾರ ಆ ಪರೀಕ್ಷೆಯ ಬಗ್ಗೆಯೇ ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆ ಏನು ಮಾಡುತ್ತದೆ ನೋಡೋಣ. ಚರ್ಮದ ಮೇಲೆ, ಒಂದು ಸ್ನಾಯುವಿನ ಮೇಲೋ ಬೆರಳಿನ ಸುತ್ತಲೋ, ಎಲೆಕ್ಟ್ರೋಡ್ ಅಂಟಿಸುತ್ತಾರೆ. ಆ ಜಾಗಕ್ಕೆ ಹೋಗುವ ನರ ಮೇಲ್ಮೈಗೆ ಹತ್ತಿರ ಬರುವ ಕಡೆ, ಅಂದರೆ ಮಣಿಕಟ್ಟಿನಲ್ಲಿ, ಮೊಣಕೈಯ ಒಳಬದಿಯಲ್ಲಿ ಅಥವಾ ಮಂಡಿಯ ಪಕ್ಕದಲ್ಲಿ, ವಿದ್ಯುತ್ತಿನ ಒಂದು ಸಣ್ಣ ಪೆಟ್ಟು ಕೊಡುತ್ತಾರೆ. ಒಂದು ಪೆಟ್ಟಿನ ಅವಧಿ ಸಾಮಾನ್ಯವಾಗಿ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೆರಡು ಪಾಲು. ಕೈ ತಾನಾಗಿ ಎಗರುತ್ತದೆ, ಪರದೆಯ ಮೇಲೆ ಒಂದು ಅಲೆ ಏಳುತ್ತದೆ. ಅದೇ ನರಕ್ಕೆ ಇನ್ನೊಂದು ಜಾಗದಲ್ಲಿ ಪೆಟ್ಟು ಕೊಟ್ಟು, ಎರಡು ಜಾಗಗಳ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ವೇಗ ಲೆಕ್ಕ ಹಾಕುತ್ತಾರೆ. ಆರೋಗ್ಯವಂತ ವಯಸ್ಕರ ಮುಂಗೈ ನರದಲ್ಲಿ ಸುದ್ದಿ ಸೆಕೆಂಡಿಗೆ 50 ಮೀಟರಿಗಿಂತ ವೇಗವಾಗಿ ಓಡುತ್ತದೆ, ಕಾಲಿನಲ್ಲಿ 40 ಮೀಟರಿಗಿಂತ ವೇಗವಾಗಿ. ಐವತ್ತು ಮೀಟರ್ ಅಂದರೆ ಗಂಟೆಗೆ 180 ಕಿಲೋಮೀಟರ್.

ಈ ವೇಗ ಅಳೆಯಬಹುದಾದ ಸಂಗತಿ ಎಂದೇ ಹಿಂದೆ ಅನೇಕರು ನಂಬಿರಲಿಲ್ಲ. 1850ರಲ್ಲಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅಳೆದು, ಸೆಕೆಂಡಿಗೆ ಸುಮಾರು 30 ಮೀಟರ್ ಎಂದು ತೋರಿಸಿದರು. ರೋಗಿಗಳ ಕೈಕಾಲಿನಲ್ಲಿ ಇದನ್ನು ಕ್ರಮವಾಗಿ ಅಳೆಯುವ ವಿಧಾನ ರೂಢಿಗೆ ಬಂದದ್ದು ಅದಾಗಿ ನೂರು ವರ್ಷಕ್ಕೆ, ಎರಡನೆಯ ಮಹಾಯುದ್ಧ ಮುಗಿದ ಮೇಲೆ. ನರ ಕತ್ತರಿಸಿಕೊಂಡು ಬಂದ ಸೈನಿಕರ ಆರೈಕೆಯಿಂದ ವೈದ್ಯರು ಕಲಿತದ್ದು ಬಹಳ.

ವೇಗದಷ್ಟೇ ಮುಖ್ಯವಾದದ್ದು ಅಲೆಯ ಎತ್ತರ. ಸಾಮಾನ್ಯ ಓದುಗರು ರಿಪೋರ್ಟ್ ಹಿಡಿದು ಗಾಬರಿಯಾಗುವುದೂ ಸುಳ್ಳು ಸಮಾಧಾನಪಡುವುದೂ ಈ ಎರಡು ಅಂಕಣಗಳ ನಡುವೆಯೇ. ಒಂದು ನರದೊಳಗೆ ಸಾವಿರಾರು ಎಳೆಗಳಿವೆ. ದಪ್ಪ ಎಳೆಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಪೊರೆ ಇದೆ. ಪೊರೆ ಹಾಳಾದರೆ ಸುದ್ದಿ ನಿಧಾನವಾಗುತ್ತದೆ ಅಥವಾ ನಡುದಾರಿಯಲ್ಲಿ ನಿಲ್ಲುತ್ತದೆ. ಎಳೆಗಳೇ ಸತ್ತರೆ ಉಳಿದ ಎಳೆಗಳು ಹೆಚ್ಚುಕಡಿಮೆ ಮೊದಲಿನ ವೇಗದಲ್ಲೇ ಓಡುತ್ತವೆ, ಅಲೆ ಮಾತ್ರ ಕುಳ್ಳಾಗುತ್ತದೆ. ಪೊರೆ ವಾರ ತಿಂಗಳುಗಳಲ್ಲಿ ಮತ್ತೆ ಬೆಳೆಯಬಲ್ಲದು. ಸತ್ತ ಎಳೆ ಚಿಗುರುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಆದ್ದರಿಂದ ಯಾವುದು ಹಾಳಾಗಿದೆ ಎಂಬುದು, ಈ ಮನುಷ್ಯ ಯಾವಾಗ ಎದ್ದು ಓಡಾಡಬಹುದು ಎಂಬ ಪ್ರಶ್ನೆಯೂ ಹೌದು.

ಜಿಬಿಎಸ್‌ನಲ್ಲಿ ಎರಡೂ ಬಗೆ ಉಂಟು. ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ಸ್ವಂತ ನರದ ಮೇಲೇ ಬೀಳುತ್ತದೆ. ಕೆಲವರಲ್ಲಿ ಪೊರೆಯ ಮೇಲೆ, ಕೆಲವರಲ್ಲಿ ಎಳೆಯ ಮೇಲೆ. ಎಳೆಯ ಮೇಲೆ ಬೀಳುವ ಬಗೆಯನ್ನು 1990ರ ದಶಕದ ಆರಂಭದಲ್ಲಿ ಉತ್ತರ ಚೀನಾದ ಹಳ್ಳಿ ಮಕ್ಕಳಲ್ಲಿ ಗುರುತಿಸಿದ್ದು ಇದೇ ಎನ್‌ಸಿವಿ ಯಂತ್ರದಿಂದ. ಅದರ ಹಿಂದೆಯೂ ಮುಖ್ಯವಾಗಿ ಕ್ಯಾಂಪಿಲೋಬ್ಯಾಕ್ಟರ್ ಸೋಂಕೇ ಇತ್ತು. ಈ ಕಾಯಿಲೆಯನ್ನು 1916ರಲ್ಲಿ ಇಬ್ಬರು ಫ್ರೆಂಚ್ ಸೈನಿಕರಲ್ಲಿ ವಿವರಿಸಿದವರು ಮೂವರು: ಗಿಯಾನ್, ಬಾರೆ ಮತ್ತು ಸ್ಟ್ರೋಲ್. ಆ ಸೈನಿಕರ ಸ್ನಾಯು ಪ್ರತಿಕ್ರಿಯೆಗಳನ್ನು ಉಪಕರಣದಿಂದ ದಾಖಲಿಸಿದವರು ಆಂದ್ರೆ ಸ್ಟ್ರೋಲ್. ಮುಂದೆ ಕಾಯಿಲೆಯ ಹೆಸರಿನಿಂದ ಬಿಟ್ಟುಹೋದದ್ದು ಅವರ ಹೆಸರೇ. ನನಗೆ ಇದು ಅನ್ಯಾಯವೆನಿಸುತ್ತದೆ, ಅಳೆದವರನ್ನು ಮರೆಯಬಾರದಿತ್ತು.

ಈಗ ಆ ಗೊಂದಲಕ್ಕೆ ಬರೋಣ. ಜಿಬಿಎಸ್‌ನ ದಾಳಿ ಅನೇಕರಲ್ಲಿ ಬೆನ್ನುಹುರಿಯಿಂದ ನರ ಹೊರಡುವ ಬೇರಿನಲ್ಲಿ ಶುರುವಾಗುತ್ತದೆ. ಯಂತ್ರ ಅಳೆಯುವುದು ಮುಂಗೈ, ಮೀನಖಂಡಗಳಲ್ಲಿ. ಕೆಡುಕು ಅಲ್ಲಿಗೆ ಇಳಿದು ಬರಲು ದಿನಗಳು ಬೇಕು. ಮೊದಲ ವಾರದಲ್ಲಿ ಪರೀಕ್ಷೆ ಪೂರ್ತಿ ನಾರ್ಮಲ್ ಇರಬಹುದು, ಇಲ್ಲವೇ ಸುದ್ದಿ ಬೆನ್ನುಹುರಿಯತನಕ ಹೋಗಿ ಮರಳುವ ಎಫ್ ಅಲೆಯಲ್ಲಿ ಮಾತ್ರ ಸಣ್ಣ ಏರುಪೇರು ಕಾಣಬಹುದು. ಅತ್ತ ಚಿಕಿತ್ಸೆ ಕಾಯುವ ಹಾಗಿಲ್ಲ. ಇಮ್ಯುನೋಗ್ಲಾಬ್ಯುಲಿನ್ ಶುರು ಮಾಡಬೇಕಾದದ್ದು ನಿಶ್ಶಕ್ತಿ ಕಾಣಿಸಿದ ಎರಡು ವಾರದೊಳಗೆ, ಬೇಗ ಮಾಡಿದಷ್ಟೂ ಒಳ್ಳೆಯದು. ಪ್ರಮಾಣ ಒಟ್ಟು ಕಿಲೋ ತೂಕಕ್ಕೆ 2 ಗ್ರಾಮ್, ಐದು ದಿನಗಳಲ್ಲಿ ಹಂಚಿ. ಅರವತ್ತು ಕಿಲೋ ತೂಕದವರಿಗೆ 120 ಗ್ರಾಮ್. ಖರ್ಚು ಲಕ್ಷಗಳಲ್ಲಿ. ಅದಕ್ಕೆ ಸಮನಾಗಿ ಕೆಲಸ ಮಾಡುವ ಇನ್ನೊಂದು ದಾರಿ ಪ್ಲಾಸ್ಮಾ ಬದಲಾವಣೆ. ಹೀಗಿರುವಾಗ ಮಂಡಿಗೆ ಸುತ್ತಿಗೆ ತಟ್ಟಿದರೂ ಕಾಲು ಅಲುಗದೆ ಇರುವುದನ್ನು ಕಂಡು, ಭೇದಿಯ ಕಥೆ ಕೇಳಿ, ನಿಶ್ಶಕ್ತಿ ದಿನದಿಂದ ದಿನಕ್ಕೆ ಮೇಲೇರುತ್ತಿರುವುದನ್ನು ನೋಡಿ ಅಡ್ಮಿಟ್ ಆಗಿ ಎಂದ ಡಾಕ್ಟರು ಸರಿ. ಅವರು ಕೈಯಾರೆ ಪರೀಕ್ಷಿಸಿ ಕಂಡದ್ದನ್ನು ಯಂತ್ರದ ಒಂದು ಕಾಗದ ಅಳಿಸಲಾರದು. ವಾರ ಬಿಟ್ಟು ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ ಎಂದರೆ ಅದೂ ಸುಲಿಗೆಯಲ್ಲ.

ನಾರ್ಮಲ್ ಎಂಬ ಪದ ಇನ್ನೂ ಕಟುವಾದ ಅರ್ಥ ಪಡೆಯುವ ಜಾಗ ಒಂದಿದೆ. ಪುಣೆ ದ್ವಿಚಕ್ರಿಗಳ ಊರು. ಪೌಡ್ ರಸ್ತೆಯಲ್ಲಿ, ಚಾಂದಣಿ ಚೌಕದ ಇಳಿಜಾರಿನಲ್ಲಿ, ಅಲ್ಲೇ ಹಾದು ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಬೈಕಿನಿಂದ ಎಸೆಯಲ್ಪಟ್ಟವರಲ್ಲಿ ಕೆಲವರಿಗೆ ಒಂದು ವಿಶಿಷ್ಟ ಗಾಯವಾಗುತ್ತದೆ. ತಲೆ ಒಂದು ಕಡೆ, ಹೆಗಲು ಇನ್ನೊಂದು ಕಡೆ ಜಗ್ಗಿದಂತಾಗಿ ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಜಾಲ ಹರಿಯುತ್ತದೆ. ಕೈ ಜೋತುಬೀಳುತ್ತದೆ, ಚಿವುಟಿದರೂ ಗೊತ್ತಾಗುವುದಿಲ್ಲ. ಬಹುಪಾಲು ಹುಡುಗರು, ದುಡಿಯುವ ವಯಸ್ಸಿನವರು.

ಇಂಥ ಕೈಯ ಮೇಲೆ ಅಪಘಾತದ ಮಾರನೆಯ ದಿನವೇ ಎನ್‌ಸಿವಿ ಮಾಡಿದರೆ ಗಾಯದ ಕೆಳಗಿನ ಭಾಗ ಸರಿಯಾಗಿಯೇ ಕೆಲಸ ಮಾಡುತ್ತದೆ, ಏಕೆಂದರೆ ಕತ್ತರಿಸಿದ ನರದ ತುಂಡು ಸಾಯಲು ಹತ್ತು ದಿನದವರೆಗೂ ಹಿಡಿಯುತ್ತದೆ. ಸ್ನಾಯುವಿಗೆ ಸೂಜಿ ಹಾಕಿ ನೋಡುವ ಪರೀಕ್ಷೆಯಲ್ಲಿ ಬದಲಾವಣೆ ಕಾಣಲು ಎರಡು ಮೂರು ವಾರ ಬೇಕು. ಆದ್ದರಿಂದ ತಜ್ಞರು ಮೂರು ನಾಲ್ಕು ವಾರ ಕಾದು ಪರೀಕ್ಷೆಗೆ ಕರೆಯುತ್ತಾರೆ. ಆಗ ಕೆಲವರಲ್ಲಿ ವಿಚಿತ್ರ ಫಲಿತಾಂಶ ಬರುತ್ತದೆ: ಬೆರಳಿಗೆ ಸ್ಪರ್ಶವೇ ಇಲ್ಲ, ಆದರೆ ಅದೇ ಬೆರಳಿನ ಸಂವೇದನಾ ನರದ ಅಲೆ ಎತ್ತರವಾಗಿ, ನಾರ್ಮಲ್ ಆಗಿ ನಿಂತಿದೆ. ಮನೆಯವರು ಇದನ್ನು ಕಂಡು ಖುಷಿಪಟ್ಟರೆ ಸಹಜ. ಆದರೆ ಇದು ಕೆಟ್ಟ ಸುದ್ದಿ. ಸಂವೇದನಾ ನರದ ಜೀವಕೋಶ ಬೆನ್ನುಹುರಿಯ ಒಳಗಿಲ್ಲ, ಅದರ ಹೊರಗೆ, ಬೆನ್ನುಮೂಳೆಗಳ ನಡುವಿನ ಒಂದು ಗಂಟಿನಲ್ಲಿದೆ. ಬೇರು ಆ ಗಂಟಿಗಿಂತ ಒಳಗೆ, ಬೆನ್ನುಹುರಿಯಿಂದಲೇ ಕಿತ್ತುಬಂದಿದ್ದರೆ, ತೋಳಿನಲ್ಲಿರುವ ಎಳೆಗೆ ತನ್ನ ಜೀವಕೋಶದ ಸಂಬಂಧ ಉಳಿದಿರುತ್ತದೆ. ಅದು ಸಾಯುವುದಿಲ್ಲ, ಸುದ್ದಿಯನ್ನೂ ಹೊರುತ್ತದೆ. ಆ ಸುದ್ದಿ ಮಿದುಳಿಗೆ ಮಾತ್ರ ತಲುಪುವುದಿಲ್ಲ. ಹೀಗೆ ಕಿತ್ತುಬಂದ ಬೇರು ತಾನಾಗಿ ಕೂಡಿಕೊಳ್ಳದು. ಬೇರೆ ನರವನ್ನು ತಂದು ಜೋಡಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಬೇಗ ಯೋಚಿಸಬೇಕು. ಅದನ್ನು ಆರು ತಿಂಗಳೊಳಗೆ ಮಾಡಿದರೆ ಫಲ ಹೆಚ್ಚು. ನರವಿಲ್ಲದೆ ಒಂದು ಒಂದೂವರೆ ವರ್ಷ ಕಳೆದ ಸ್ನಾಯು ಮರಳಿ ಎಚ್ಚರಗೊಳ್ಳುವುದು ಕಷ್ಟ. ಮಾಲೀಶು, ಕಟ್ಟು, ಎಣ್ಣೆ ಎಂದು ವರ್ಷ ಕಳೆದು ಬಂದ ಹುಡುಗನಿಗೆ ಯಾವ ಸರ್ಜನ್ ಕೂಡ ಆ ಕಳೆದ ಕಾಲವನ್ನು ಹಿಂದಕ್ಕೆ ಕೊಡಲಾರ.

ಹೆಚ್ಚಿನ ಓದುಗರು ಈ ಯಂತ್ರದ ಮುಂದೆ ಕೂರುವುದು ಇಂಥ ಘೋರ ಕಾರಣಕ್ಕಲ್ಲ, ಕೈ ಜೋಮಿಗೆ. ರಾತ್ರಿ ಎಚ್ಚರವಾಗುತ್ತದೆ, ಹೆಬ್ಬೆರಳು, ತೋರುಬೆರಳು, ನಡುಬೆರಳು ಉರಿಯುತ್ತವೆ, ಕೈ ಕೊಡವಿದರೆ ಹಾಯೆನಿಸುತ್ತದೆ. ಮಣಿಕಟ್ಟಿನ ಇಕ್ಕಟ್ಟಾದ ಓಣಿಯಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಹಾದುಹೋಗುವ ಮೀಡಿಯನ್ ನರ ಒತ್ತಿಹೋಗಿರುತ್ತದೆ; ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು. ಹೆಂಗಸರಲ್ಲಿ ಹೆಚ್ಚು. ಬಸಿರು, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ ಇದಕ್ಕೆ ಜೊತೆಗೂಡುತ್ತವೆ. ಕಿರುಬೆರಳಿನ ಜೋಮಾದರೆ ಒತ್ತುತ್ತಿರುವುದು ಬೇರೆ ನರ, ಅದೂ ಬಹುಮಟ್ಟಿಗೆ ಮೊಣಕೈಯಲ್ಲಿ. ಕುತ್ತಿಗೆಯ ಡಿಸ್ಕ್ ಒತ್ತಿದರೂ ಬೆರಳು ಜೋಮು ಹಿಡಿಯುತ್ತದೆ. ಒಂದು ವಯಸ್ಸು ದಾಟಿದ ಯಾರ ಕುತ್ತಿಗೆಯ ಎಂಆರ್‌ಐ ತೆಗೆದರೂ ಸವೆತ ಕಾಣುತ್ತದೆ. ತೊಂದರೆ ನಿಜವಾಗಿ ಮಣಿಕಟ್ಟಿನಲ್ಲೋ ಕುತ್ತಿಗೆಯಲ್ಲೋ ಎಂದು ಹೇಳುವುದು ಎನ್‌ಸಿವಿಗೆ ಚೆನ್ನಾಗಿ ಗೊತ್ತು. ಕುತ್ತಿಗೆಗೆ ಪಟ್ಟಿ ಹಾಕಿಸಿಕೊಂಡು ತಿಂಗಳು ತಿಂಗಳು ತಿರುಗಿದವರ ನೋವು, ರಾತ್ರಿ ಮಣಿಕಟ್ಟಿಗೆ ಸ್ಪ್ಲಿಂಟ್ ಕಟ್ಟಿದ್ದರಿಂದ ಇಳಿದದ್ದುಂಟು.

ಈ ಪರೀಕ್ಷೆಯಲ್ಲಿ ತಪ್ಪು ನುಸುಳುವ ಒಂದು ಬಾಗಿಲು ಚಳಿ. ಚರ್ಮದ ಉಷ್ಣತೆ ಒಂದು ಡಿಗ್ರಿ ಇಳಿದರೆ ನರದ ವೇಗ ಸೆಕೆಂಡಿಗೆ ಸುಮಾರು ಎರಡು ಮೀಟರ್ ಇಳಿಯುತ್ತದೆ. ಡಿಸೆಂಬರಿನ ಪುಣೆಯ ಬೆಳಗ್ಗೆ ಸ್ಕೂಟರಿನಲ್ಲಿ ಬಂದು, ಏಸಿ ಕೋಣೆಯಲ್ಲಿ ಕೂತ ಕೈಯನ್ನು ಹಾಗೆಯೇ ಪರೀಕ್ಷಿಸಿದರೆ ಇಲ್ಲದ ಕಾಯಿಲೆ ಕಾಗದದ ಮೇಲೆ ಹುಟ್ಟುತ್ತದೆ. ಒಳ್ಳೆಯ ಪ್ರಯೋಗಾಲಯದವರು ಮೊದಲು ಕೈ ಮುಟ್ಟಿ ನೋಡುತ್ತಾರೆ, ತಣ್ಣಗಿದ್ದರೆ ಬಿಸಿನೀರಿನಲ್ಲಿ ಇಡಿಸುತ್ತಾರೆ. ನಿಮ್ಮ ಕೈ ತಣ್ಣಗಿದ್ದರೆ ನೀವೇ ಬಾಯಿಬಿಟ್ಟು ಹೇಳಿ.

ಎರಡನೆಯ ಭಾಗ ಇಎಂಜಿ, ಅಂದರೆ ಸ್ನಾಯುವಿಗೆ ಸೂಜಿ ಹಾಕಿ ನೋಡುವ ಪರೀಕ್ಷೆ. ಜನ ಹೆದರುವುದು ಇದಕ್ಕೆ. ಸೊಲ್ಲಾಪುರದ ಕಡೆಯಿಂದ ಬಂದ ನಮ್ಮ ಅಜ್ಜಿಯಂದಿರು "ಸೂಜಿಯೊಳಗ ಕರೆಂಟ್ ಬಿಡ್ತಾರಂತಲ್ರೀ" ಎಂದು ಕೇಳುವುದನ್ನು ಕೇಳಿದ್ದೇನೆ. ಇಲ್ಲ ಅಜ್ಜಿ, ಬಿಡುವುದಿಲ್ಲ. ಸೂಜಿಯಿಂದ ಔಷಧವೂ ಒಳಗೆ ಹೋಗುವುದಿಲ್ಲ, ಕರೆಂಟೂ ಹೋಗುವುದಿಲ್ಲ. ಸ್ನಾಯು ತಾನೇ ಹುಟ್ಟಿಸುವ ವಿದ್ಯುತ್ತನ್ನು ಆ ತೆಳು ಸೂಜಿ ಆಲಿಸುತ್ತದೆ, ಅಷ್ಟೇ. ಚುಚ್ಚಿದಾಗ ನೋಯುವುದು ನಿಜ, ಒಂದೆರಡು ದಿನ ಸ್ನಾಯು ಕಂದಿದಂತೆ ಇರುವುದೂ ನಿಜ. ಆಲಿಸುತ್ತದೆ ಎಂಬ ಮಾತು ಅಕ್ಷರಶಃ ಸರಿ: 1929ರಲ್ಲಿ ಇಂಥ ಸೂಜಿಯನ್ನು ರೂಪಿಸಿದ ಎಡ್ಗರ್ ಏಡ್ರಿಯನ್ ಮತ್ತು ಡೆಟ್ಲೆವ್ ಬ್ರಾಂಕ್ ಅದಕ್ಕೆ ಧ್ವನಿವರ್ಧಕವನ್ನೂ ಜೋಡಿಸಿದ್ದರು, ಇವತ್ತಿಗೂ ವೈದ್ಯರು ಅರ್ಧ ರೋಗವನ್ನು ಕಿವಿಯಿಂದ ಗುರುತಿಸುತ್ತಾರೆ. ಆರೋಗ್ಯವಂತ ಸ್ನಾಯು ವಿಶ್ರಾಂತಿಯಲ್ಲಿ ಮೌನವಾಗಿರುತ್ತದೆ. ನರ ಕಳೆದುಕೊಂಡ ಸ್ನಾಯುವಿನ ಎಳೆಗಳು ತಮ್ಮಷ್ಟಕ್ಕೆ ಮಿಡಿಯುತ್ತವೆ. ತಗಡಿನ ಮಾಡಿನ ಮೇಲೆ ಮಳೆಹನಿ ಬಿದ್ದ ಹಾಗೆ ಟಪಟಪ ಸದ್ದು.

ಈ ಸೂಜಿ ಪರೀಕ್ಷೆಯನ್ನು ಕರ್ನಾಟಕದಲ್ಲಿ ಅತ್ಯಂತ ಗೌರವದಿಂದ ನೆನೆಯಬೇಕಾದ ಕಾರಣ ಒಂದಿದೆ. ಹದಿಹರೆಯದ ಹುಡುಗನ ಒಂದೇ ಕೈ, ಅಥವಾ ಒಂದೇ ಕಾಲು, ನೋವಿಲ್ಲದೆ ಬಡಕಲಾಗುತ್ತಾ ಹೋಗುವ ಕಾಯಿಲೆಯೊಂದುಂಟು. ಕೈಯದ್ದನ್ನು ಜಪಾನಿನ ಕೀಜೋ ಹಿರಾಯಾಮಾ 1959ರಲ್ಲಿ ವಿವರಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಇಂಥ ರೋಗಿಗಳನ್ನು ಒಟ್ಟುಗೂಡಿಸಿ ನೋಡಿ, ಒಂದು ಅಂಗಕ್ಕೆ ಸೀಮಿತವಾದ ಈ ಸವೆತಕ್ಕೆ ಮಾನೊಮೆಲಿಕ್ ಅಮಯೋಟ್ರೊಫಿ ಎಂದು ಹೆಸರಿಟ್ಟರು. ಆ ಹೆಸರು ಲೋಕದ ವೈದ್ಯಶಾಸ್ತ್ರದಲ್ಲಿ ನಿಂತಿತು. ಇದರ ಮಹತ್ವ ತಂದೆತಾಯಿಗಳಿಗೆ ಗೊತ್ತು. ಕೈ ಸವೆಯುತ್ತಿದೆ ಎಂದೊಡನೆ ಮನಸ್ಸಿಗೆ ಬರುವುದು ಇಡೀ ದೇಹವನ್ನು ತಿಂದುಹಾಕುವ ಮೋಟಾರ್ ನ್ಯೂರಾನ್ ಕಾಯಿಲೆ. ಈ ಹುಡುಗರ ಕಾಯಿಲೆಯಾದರೋ ಕೆಲವು ವರ್ಷ ಸರಿದು ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಎರಡನ್ನೂ ಬೇರ್ಪಡಿಸಲು ಕುತ್ತಿಗೆ ಬಗ್ಗಿಸಿ ತೆಗೆಯುವ ಎಂಆರ್‌ಐ ಜೊತೆ, ನಾಲ್ಕೂ ಅಂಗಗಳಲ್ಲಿ ಸೂಜಿಯಿಟ್ಟು ಆಲಿಸುವ ತಾಳ್ಮೆಯ ಪರೀಕ್ಷೆ ಬೇಕು, ಕೆಲವೊಮ್ಮೆ ವರ್ಷ ಬಿಟ್ಟು ಮತ್ತೊಮ್ಮೆ. ಒಂದೇ ಕೈಯನ್ನು ಹತ್ತು ನಿಮಿಷ ನೋಡಿ ಕೊಟ್ಟ ರಿಪೋರ್ಟ್ ಇಲ್ಲಿ ಯಾವ ಕೆಲಸಕ್ಕೂ ಬಾರದು.

ಅಲ್ಲಿಗೆ ನನ್ನ ಮುಖ್ಯ ಮಾತಿಗೆ ಬಂದೆ. ರಕ್ತದ ಸಕ್ಕರೆಯ ಹಾಗೆ ಇದು ಒಂದು ಅಂಕಿ ಬರುವ ಪರೀಕ್ಷೆಯಲ್ಲ. ಯಾವ ನರ, ಯಾವ ಸ್ನಾಯು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ರೋಗಿಯ ಮಾತು ಕೇಳಿ, ಮುಟ್ಟಿ ನೋಡಿದವರು ಅಲ್ಲಲ್ಲೇ ತೀರ್ಮಾನಿಸಬೇಕು. ಎನ್‌ಸಿವಿಯನ್ನು ತರಬೇತಾದ ತಂತ್ರಜ್ಞರು ಮಾಡಬಹುದು, ಸೂಜಿ ಹಿಡಿಯಬೇಕಾದವರು ಮಾತ್ರ ವೈದ್ಯರೇ. ವೈದ್ಯರ ಮುಖ ಕಾಣದೆ, ಕೈಯೋ ಕಾಲೋ ಎಂದಷ್ಟೇ ಬರೆದ ಚೀಟಿ ಹಿಡಿದು ಹೋಗಿ ಮಾಡಿಸಿದ ಪರೀಕ್ಷೆ ಸಾವಿರಾರು ರೂಪಾಯಿಯ ದಂಡ ಆಗಬಹುದು, ಅದಕ್ಕಿಂತ ಕೆಟ್ಟದಾಗಿ ತಪ್ಪು ಧೈರ್ಯ ಕೊಡಬಹುದು.

ಸಕ್ಕರೆ ಕಾಯಿಲೆಯವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಅಂಗಾಲು ಉರಿ ಶುರುವಾದಾಗ ಹಾಳಾಗಿರುವುದು ಹೆಚ್ಚಾಗಿ ನೋವು, ಬಿಸಿ, ತಂಪನ್ನು ಹೊರುವ ಸಣ್ಣ ಎಳೆಗಳು. ಎನ್‌ಸಿವಿ ಯಂತ್ರ ದಪ್ಪ ಎಳೆಗಳನ್ನಷ್ಟೇ ಕಾಣುತ್ತದೆ. ರಿಪೋರ್ಟ್ ನಾರ್ಮಲ್ ಬಂದ ಮಾತ್ರಕ್ಕೆ ಉರಿ ಸುಳ್ಳಲ್ಲ. ಅಮ್ಮನಿಗೆ ಎಲ್ಲ ಮನಸ್ಸಿನ ಭ್ರಮೆ ಎಂದು ಮನೆಯವರು ಆಡುವ ಮಾತು ಕ್ರೂರವಾದದ್ದು. ಎರಡೂ ಪಾದದಲ್ಲಿ ಸಮನಾಗಿ, ನಿಧಾನವಾಗಿ ಬಂದ ಮಾಮೂಲಿ ತೊಂದರೆಗೆ ಹೆಚ್ಚಿನವರಿಗೆ ಎನ್‌ಸಿವಿ ಬೇಕಾಗುವುದೂ ಇಲ್ಲ. ಹತ್ತು ಗ್ರಾಮ್ ಒತ್ತಡದ ನೈಲಾನ್ ಎಳೆ, ಒಂದು ಟ್ಯೂನಿಂಗ್ ಫೋರ್ಕ್, ವರ್ಷಕ್ಕೊಮ್ಮೆ ಚಪ್ಪಲಿ ಬಿಚ್ಚಿಸಿ ಪಾದ ನೋಡುವ ವೈದ್ಯರು ಇದ್ದರೆ ಸಾಕು. ಶಿಬಿರಗಳಲ್ಲಿ ಪಾದಕ್ಕೆ ಕಂಪನದ ಉಪಕರಣ ಹಿಡಿದು ಕೊಡುವ ಬಣ್ಣದ ಚೀಟಿ ಎನ್‌ಸಿವಿ ಅಲ್ಲ ಎಂಬುದೂ ನೆನಪಿರಲಿ. ಆದರೆ ಒಂದೇ ಕಾಲಿನಲ್ಲಿ, ದಿಢೀರನೆ, ಜೋಮಿಗಿಂತ ನಿಶ್ಶಕ್ತಿ ಮುಂದಾಗಿ ಬಂದರೆ ಕಥೆ ಬೇರೆ, ಪರೀಕ್ಷೆ ಬೇಕೇ ಬೇಕು.

ಇನ್ನೊಂದು ಕಾಯಿಲೆಯನ್ನು ನಾವು ಮರೆತೇಬಿಟ್ಟಿದ್ದೇವೆ. ಕುಷ್ಠ. ಲೋಕದಲ್ಲಿ ಪ್ರತಿವರ್ಷ ಹೊಸದಾಗಿ ಪತ್ತೆಯಾಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಚರ್ಮದ ಮೇಲೆ ಒಂದೂ ಮಚ್ಚೆಯಿಲ್ಲದೆ ನರಕ್ಕೆ ಮಾತ್ರ ಬರುವ ಬಗೆಯೂ ಇದೆ. ಮೊಣಕೈ ಹಿಂದಿನ ನರ ದಪ್ಪಗಾಗಿ ಕೈಗೆ ಸಿಕ್ಕಿದರೆ ಅನುಭವಿ ವೈದ್ಯರು ಯಂತ್ರಕ್ಕೂ ಮೊದಲು ಇದನ್ನೇ ಯೋಚಿಸುತ್ತಾರೆ. ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಕಾಯಿಲೆ ಪೂರ್ತಿ ವಾಸಿಯಾಗುತ್ತದೆ. ಮುಟ್ಟಿ ನೋಡುವ ಬೆರಳಿಗೆ ಬದಲಿ ಇನ್ನೂ ಬಂದಿಲ್ಲ.

ಪರೀಕ್ಷೆಗೆ ಹೋಗುವವರಿಗೆ ಕೆಲವು ಮಾತು. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ, ಊಟ ಮಾಡಿಯೇ ಹೋಗಿ. ಅಂದು ಕೈಕಾಲಿಗೆ ಎಣ್ಣೆ, ಕ್ರೀಮು ಹಚ್ಚಬೇಡಿ, ಎಲೆಕ್ಟ್ರೋಡ್ ಕಚ್ಚುವುದಿಲ್ಲ. ಬಳೆ, ಉಂಗುರ ಮನೆಯಲ್ಲೇ ಬಿಟ್ಟುಹೋಗಿ. ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ತಿಳಿಸಿ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಹಳೆಯ ರಿಪೋರ್ಟ್‌ಗಳನ್ನು, ಅಲೆಗಳ ಚಿತ್ರವಿರುವ ಹಾಳೆಗಳ ಸಮೇತ ಒಯ್ಯಿರಿ. ಪರೀಕ್ಷೆ ಬರೆದುಕೊಟ್ಟ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿ: "ಇದರಿಂದ ಏನು ತಿಳಿಯಬೇಕಾಗಿದೆ, ತಿಳಿದ ಮೇಲೆ ಚಿಕಿತ್ಸೆ ಬದಲಾಗುತ್ತದೆಯೇ?" ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ, ಆ ಉತ್ತರವನ್ನು ಚೀಟಿಯ ಮೇಲೇ ಬರೆದುಕೊಡುತ್ತಾರೆ.

ಭೇದಿಯೋ ಜ್ವರವೋ ಬಂದುಹೋದ ಮೇಲೆ ಎರಡೂ ಕಾಲು ಸೋಲತೊಡಗಿದರೆ, ನಿಶ್ಶಕ್ತಿ ದಿನಕ್ಕಿಷ್ಟು ಮೇಲೇರುತ್ತಿದ್ದರೆ, ನುಂಗುವಾಗ ಕೆಮ್ಮು ಬಂದರೆ, ಒಂದೇ ಉಸಿರಿಗೆ ಇಪ್ಪತ್ತರವರೆಗೆ ಎಣಿಸಲಾಗದಿದ್ದರೆ, ಎನ್‌ಸಿವಿಗೆ ಅಪಾಯಿಂಟ್‌ಮೆಂಟ್ ಹುಡುಕುತ್ತ ಕೂರಬೇಡಿ. ಐಸಿಯು ಇರುವ ಆಸ್ಪತ್ರೆಗೆ ಅಂದೇ ಹೋಗಿ.